ಉಸಿರಾಟ, ಅಷ್ಟೆ

ಮಾರ್ಚ್ ೩, ಮಂಗಳವಾರ

ಹೆಲಿಕಾಪ್ಟರಿನಿಂದ ಇಳಿದ ಕೂಡಲೇ ಜಗಳ. ನಾನು ಮನೆಯಲ್ಲಿದ್ದಷ್ಟು ದಿನ ನನ್ನ ಜಾಗದಲ್ಲಿ ಕೂತಿದ್ದ ಮಹಾರಾಯ ಕುರ್ಚಿಯ ಕೈ ಮುರಿದಿದ್ದಾನೆ. ಅದಕ್ಕೆ ಟೇಪು ಸುತ್ತಿ, "ಹಳೇ ಕುರ್ಚಿ ಅಲ್ವಾ" ಎಂದು ನನಗೇ ಹೇಳಿ, ನಾನು ಬಂದ ಹೆಲಿಕಾಪ್ಟರಿನಲ್ಲೇ ಹಾರಿಹೋದ. ಉತ್ತರ ಕೊಡಲು ಸಮಯ ಸಾಲಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ: ಕುರ್ಚಿ ಹಳೆಯದಲ್ಲ, ಅವನಿಗೆ ಕೂರಲು ಬರುವುದಿಲ್ಲ.

ಇನ್ನು ನಾಲ್ಕು ವಾರ ಎಣ್ಣೆ ಬಾವಿ ಕೊರೆಯುವ ಈ ಹಡಗು, ಸುತ್ತ ನೀರು. ಆ ನೀರೂ ನನಗೆ ಕಾಣುವುದು ಊಟಕ್ಕೆ ಹೋಗುವಾಗ ಮಾತ್ರ. ನಾನು ಕೂರುವುದು ಕಿಟಕಿಯಿಲ್ಲದ ಉಕ್ಕಿನ ಪೆಟ್ಟಿಗೆಯಲ್ಲಿ. ಮೂರು ಪರದೆ, ಕಲ್ಲಿನ ಚೂರು ನೋಡುವ ಸೂಕ್ಷ್ಮದರ್ಶಕ, ಗೋಡೆಗೊಂದು ಫೋನು, ಮತ್ತು ಮುರುಕು ಕುರ್ಚಿ.

ಸಂಜೆ ಮನೆಗೆ ಫೋನು ಮಾಡಿದಾಗ ಮಗಳು ಕೇಳಿದಳು, "ಅಪ್ಪಾ, ನೀನಲ್ಲಿ ಇಡೀ ದಿನ ಏನ್ ಮಾಡ್ತೀಯ?"

"ಕೆಸರು ನೋಡ್ತೀನಿ."

ಬಿದ್ದು ಬಿದ್ದು ನಕ್ಕಳು. ನನಗೆ ರೇಗಿತು. ಫೋನಿನಲ್ಲೇ ಪಾಠ ಮಾಡಿದೆ. ಸಮುದ್ರದ ತಳಕ್ಕೂ ಕೆಳಗೆ ಬಂಡೆಯೊಳಗೆ ಎಣ್ಣೆ, ಗ್ಯಾಸು ಅದುಮಿಟ್ಟುಕೊಂಡು ಕೂತಿವೆ. ನಾವು ಬಾವಿ ಕೊರೆಯುವಾಗ ಅವು ಮೇಲೆ ನುಗ್ಗದಂತೆ ಅದರ ತುಂಬ ಭಾರದ ಕೆಸರು ತುಂಬಿರುತ್ತೇವೆ. ಕೆಸರು ಹಗುರಾದರೆ ಗ್ಯಾಸು ನುಗ್ಗುತ್ತದೆ. ಭಾರ ಹೆಚ್ಚಾದರೆ ಬಂಡೆ ಬಿರಿದು ಕೆಸರನ್ನೇ ಕುಡಿಯುತ್ತದೆ. ಎಷ್ಟು ಕೆಳಗೆ ಹೋಯಿತು, ಎಷ್ಟು ಮೇಲೆ ಬಂತು ಎಂದು ಕಣ್ಣಿಟ್ಟು ಕೂರುವವನು ನಿಮ್ಮಪ್ಪ.

"ಅಂದ್ರೆ ಒಲೆ ಮೇಲೆ ಹಾಲಿಟ್ಟು ಕಾಯೋದು" ಎಂದಳು ನನ್ನ ಹೆಂಡತಿ ಹಿಂದಿನಿಂದ. "ನಮ್ಮನೇಲಿ ಮಾತ್ರ ಪ್ರತಿ ಸಲ ಉಕ್ಕಿಸ್ತೀರಿ."

ಅದು ಸುಳ್ಳು. ಒಂದೇ ಸಲ ಉಕ್ಕಿಸಿದ್ದು. ಅದೂ ಇವಳೇ ಮಾತಿಗೆಳೆದದ್ದರಿಂದ. ಅದನ್ನು ಒಪ್ಪಿಸುವಷ್ಟರಲ್ಲಿ ನನ್ನ ಫೋನಿನ ಸರದಿ ಮುಗಿಯಿತು.

ಮಾರ್ಚ್ ೬, ಶುಕ್ರವಾರ

ಬೆಳಗಿನ ಸಭೆಯಲ್ಲಿ ಸಾಹೇಬರ ಭಾಷಣ. ಸಾಹೇಬರೆಂದರೆ ತೈಲ ಕಂಪನಿಯ ಪರವಾಗಿ ಈ ಹಡಗಿನಲ್ಲಿರುವವರು; ಬಾವಿಯ ಮೇಲೆ ಅವರ ಮಾತೇ ಕೊನೆ. "ಈ ಬಾವಿ ಸರಿ ಹೋದ್ರೆ ಇಲ್ಲಿ ಇನ್ನೂ ಇಪ್ಪತ್ತು ಬಾವಿ. ಇದು ಕೆಟ್ರೆ ಇಡೀ ಜಾಗಕ್ಕೇ ಬೀಗ. ನೆನಪಿರಲಿ" ಎಂದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ, 'ಅನುಮಾನ ಬಂದರೆ ನಿಲ್ಲಿಸಿ, ಯಾರಾದರೂ ನಿಲ್ಲಿಸಬಹುದು' ಎಂಬ ಬಣ್ಣದ ಚಿತ್ರ.

ಈಗ ಕೊರೆಯುತ್ತಿರುವ ಪದರ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೆಸರಿನ ಭಾರ ಒಂದು ಚೂರು ಆಚೀಚೆಯಾದರೂ ತಕರಾರು. ಸಾಲದ್ದಕ್ಕೆ ಬಾವಿ ಉಸಿರಾಡಲು ಶುರುಮಾಡಿದೆ. ಪಂಪು ಓಡುವಾಗ ಬಂಡೆಯ ಬಿರುಕುಗಳು ಅಗಲವಾಗಿ ಒಂದಿಷ್ಟು ಕೆಸರು ಒಳಗೆ ಹೋಗುತ್ತದೆ. ಹೊಸ ಕೊಳವೆ ಜೋಡಿಸಲು ಪಂಪು ನಿಲ್ಲಿಸಿದೊಡನೆ ಬಿರುಕು ಮುಚ್ಚಿಕೊಂಡು ಅದನ್ನು ವಾಪಸು ಉಗುಳುತ್ತದೆ. ನೋಡುವವನ ಕಣ್ಣಿಗೆ ಗ್ಯಾಸು ನುಗ್ಗಿ ಕೆಸರನ್ನು ತಳ್ಳಿದ ಹಾಗೆಯೇ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಉಸಿರಾದರೆ ಪ್ರತಿ ಸಲವೂ ಕಮ್ಮಿಯಾಗುತ್ತ ಬರುತ್ತದೆ, ಗ್ಯಾಸಾದರೆ ಆಗುವುದಿಲ್ಲ.

ಇಡೀ ದಿನ ಭಾವನ ಜೊತೆ ಫೋನಿನಲ್ಲಿ ಕಿತ್ತಾಟ. ಭಾವ ಎಂದರೆ ಡ್ರಿಲ್ಲರು, ಕೊರೆಯುವ ಯಂತ್ರ ನಡೆಸುವವನು. ಬಾವಿ ಮುಚ್ಚುವ ಗುಂಡಿ ಅವನ ಕೈಯಳತೆಯಲ್ಲಿದೆ. ನಂಟಸ್ತನ ಏನೂ ಇಲ್ಲ. ಮೊದಲ ದಿನವೇ ನನ್ನ ಮೇಲೆ ಜೋರು ಮಾಡಿದ್ದಕ್ಕೆ, "ಅಕ್ಕನ್ನ ಕೊಟ್ಟ ಭಾವ ಆಡಿದ ಹಾಗೆ ಆಡ್ಬೇಡಿ" ಎಂದಿದ್ದೆ. ಅಂದಿನಿಂದ ಅವನು ಭಾವ, ನಾನು ಭಾಮೈದ. ಅವನು ಗಾಜಿನ ಗೂಡಿನಲ್ಲಿ, ನಾನು ಉಕ್ಕಿನ ಪೆಟ್ಟಿಗೆಯಲ್ಲಿ. ಮುಖ ನೋಡುವುದು ಊಟಕ್ಕೆ ಮಾತ್ರ, ಮಾತು ಮಾತ್ರ ದಿನವಿಡೀ.

"ಭಾಮೈದ, ಇದು ಎಷ್ಟನೇ ಫೋನೋ? ಹೆಂಡ್ತಿ ಕೂಡ ಇಷ್ಟು ಸಲ ಮಾಡಲ್ಲ ನಂಗೆ."

"ಅಕ್ಕ ಬುದ್ಧಿವಂತೆ ಭಾವ. ಎರಡು ಬ್ಯಾರಲ್ ಕೆಸರು ಜಾಸ್ತಿ ಬಂದಿದೆ, ನೋಡಿ."

ನೋಡಿದ. ಉಸಿರಾಟವೇ ಆಗಿತ್ತು. ಆದರೂ ನೋಡಿದನಲ್ಲ, ಅದು ಮುಖ್ಯ.

ಮಾರ್ಚ್ ೧೧, ಬುಧವಾರ

ಜರಡಿ ಮಾಮ ಬಂದು ಕಲ್ಲಿನ ಚೂರಿನ ಪೊಟ್ಟಣ ಕೊಟ್ಟುಹೋದ. ಬಾವಿಯಿಂದ ಬಂದ ಕೆಸರು ಮೊದಲು ಬೀಳುವುದು ದೊಡ್ಡ ಅದುರು ಜರಡಿಗಳ ಮೇಲೆ. ಅಲ್ಲಿ ನಿಂತು ಕಲ್ಲು ಆರಿಸಿ, ತೊಳೆದು ನನಗೆ ತರುವುದು ಅವನ ಕೆಲಸ. ಆ ಸದ್ದಿಗೆ ಕಿವಿ ಅರ್ಧ ಹೋಗಿದೆ. "ಕಲ್ಲು ಗಟ್ಟಿ ಇದ್ಯಾ ಮಾಮ?" ಎಂದರೆ "ರೊಟ್ಟಿ ಇವತ್ತು ಚೆನ್ನಾಗಿತ್ತು" ಎನ್ನುತ್ತಾನೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗೆ ಅವನೇ ಸಾಕ್ಷಿ, ಊಟದಲ್ಲಿ ನಾಲ್ಕು ಬಟ್ಟಲು ಮೊಸರು ಎತ್ತುತ್ತಾನೆ.

ಭಾವ ಮಂಗಳವಾರದ ಹೆಲಿಕಾಪ್ಟರಿಗೆ ಮನೆಗೆ ಹೊರಡುತ್ತಾನೆ. ಶುಕ್ರವಾರ ಅವನ ಮಗಳ ಮದುವೆ. ಒಬ್ಬಳೇ ಮಗಳು. ಹೊಸ ಬೂಟು ತಂದಿಟ್ಟುಕೊಂಡು, ಕಾಲಿಗೆ ಅಭ್ಯಾಸವಾಗಲಿ ಎಂದು ಕೆಲಸ ಮುಗಿದ ಮೇಲೆ ಅದನ್ನು ಹಾಕಿಕೊಂಡು ಓಣಿಯಲ್ಲಿ ಓಡಾಡುತ್ತಾನೆ. ಕಿರ್ರ್ ಎನ್ನುತ್ತದೆ. ಎಣ್ಣೆ ಬಾವಿಯ ಮೇಲೆ ಕೂತು ಬೂಟಿಗೆ ಎಣ್ಣೆ ಸಿಗಲಿಲ್ಲವೇ ಎಂದೆ. ಎರಡು ದಿನದಿಂದ ಇದೇ ಜೋಕು ಹೇಳುತ್ತಿದ್ದೇನೆ, ಅವನು ಎರಡು ದಿನದಿಂದಲೂ ನಗುತ್ತಿದ್ದಾನೆ.

ಮಾರ್ಚ್ ೧೬, ಸೋಮವಾರ

ಇವತ್ತು ನಾನು ಬಾವಿ ಮುಚ್ಚಿಸಿದೆ.

ಪಂಪು ನಿಲ್ಲಿಸಿದಾಗ ಕೆಸರು ಬಂತು. ಮೊದಲ ಸಲಕ್ಕಿಂತ ಎರಡನೇ ಸಲ ಜಾಸ್ತಿ. ಫೋನೆತ್ತಿ "ಮುಚ್ಚಿ ಭಾವ" ಎಂದೆ. ಯಾಕೆ ಏನು ಎಂದು ಕೇಳಲಿಲ್ಲ. ಮುಚ್ಚಿದ. ಸಮುದ್ರದ ತಳದಲ್ಲಿರುವ ದೊಡ್ಡ ಕವಾಟ ಬಾವಿಯ ಬಾಯಿ ಬಿಗಿಯಿತು. ಸಾಹೇಬರು ಓಡಿ ಬಂದರು. ಬಾವಿ ಮುಚ್ಚಿರುವಾಗ ಹೆಲಿಕಾಪ್ಟರ್ ಇಳಿಸುವ ಹಾಗಿಲ್ಲ, ಇದು ನಿಯಮ. ನಾಳೆಯದು ರದ್ದು.

"ಇರ್ಲಿ ಬಿಡೋ, ಬುಧವಾರ ಹೋದ್ರಾಯ್ತು" ಎಂದ ಭಾವ.

ಮಾರ್ಚ್ ೧೭, ಮಂಗಳವಾರ

ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ನೋಡಿದರು, ಕೆಸರು ಕಮ್ಮಿಯಾಗುತ್ತ ಬಂದು ನಿಂತೇಹೋಯಿತು. ಗ್ಯಾಸಿಲ್ಲ, ಏನಿಲ್ಲ. "ಉಸಿರಾಟ, ಅಷ್ಟೆ" ಎಂದರು ಸಾಹೇಬರು ಎಲ್ಲರೆದುರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಮುಂದಿನ ಸಲ ಮೊದ್ಲು ನನಗೆ ಒಂದ್ಮಾತು ಹೇಳಿ" ಎಂದರು. ಮುಂದಿನ ಸಲವೂ ಹೀಗೇ ಮಾಡುತ್ತೇನೆ ಎಂದೆ. ಹಾಗೆಯೇ ಮಾಡುತ್ತೇನೆ.

ಮಧ್ಯಾಹ್ನ ಮಂಜು ಇಳಿದಿದೆ. ಕೈ ಚಾಚಿದರೆ ಕೈ ಕಾಣುವುದಿಲ್ಲ.

ಮಾರ್ಚ್ ೨೦, ಶುಕ್ರವಾರ

ಮಂಜು ಕರಗಲಿಲ್ಲ. ಭಾವ ಮಗಳ ಮದುವೆಯನ್ನು ಊಟದ ಕೋಣೆಯ ಮೂಲೆಯಲ್ಲಿ ಫೋನಿನಲ್ಲಿ ನೋಡಿದ. ಹೊಸ ಬೂಟು ಹಾಕಿಕೊಂಡಿದ್ದ. ಚಿತ್ರ ಆಗಾಗ ನಿಂತುಹೋಗುತ್ತಿತ್ತು. ಒಮ್ಮೆ ಹುಡುಗಿ ಕಣ್ಣು ಮುಚ್ಚಿ ಬಾಯಿ ತೆರೆದ ಹಾಗೆಯೇ ನಿಂತಳು, ಅವನು ಅದನ್ನೇ ನೋಡುತ್ತ ಕೂತ. ನಾನು ಹತ್ತಿರ ಹೋದೆ. ಏನಾದರೂ ಹೇಳಬೇಕಿತ್ತು.

"ನಿಯಮ ಭಾವ. ನಾನೇನು ಮಾಡ್ಲಿ?" ಎಂದೆ.

ನಾನು ಹೇಳಿದ್ದು ಸರಿಯೇ. ಆದರೂ ಬೇರೆ ಏನಾದರೂ ಹೇಳಬಹುದಿತ್ತು.

ಮಾರ್ಚ್ ೨೧, ಶನಿವಾರ

ಮಂಜು ಕರಗಿತು, ಹೆಲಿಕಾಪ್ಟರ್ ಬಂತು, ಭಾವ ಹತ್ತಲಿಲ್ಲ. ರಜೆಯನ್ನು ಬೇರೆಯವನಿಗೆ ಕೊಟ್ಟನಂತೆ. "ಈಗ ಹೋಗಿ ಏನ್ ಮಾಡ್ಲಿ, ನೆಂಟರು ಉಂಡ ತಟ್ಟೆ ತೊಳೀಲಾ?" ಎಂದನಂತೆ. ಅಂದದ್ದು ನನ್ನ ಹತ್ತಿರ ಅಲ್ಲ.

ನಾನು ಫೋನು ಮಾಡಿ ಒಂದೂವರೆ ಬ್ಯಾರಲ್ ಎಂದೆ. "ನೋಡಿದೀನಿ ಸರ್" ಎಂದ.

ಸರ್.

ಮಾರ್ಚ್ ೨೩, ಸೋಮವಾರ

ನನಗೆ ಹೊಸ ಹೆಸರು ಬಿದ್ದಿದೆ: ಗುಮ್ಮಪ್ಪ. ಮಕ್ಕಳಿಗೆ ಗುಮ್ಮ ಬಂತು ಗುಮ್ಮ ಎಂದು ಹೆದರಿಸುವವನು. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹೆಸರೇನೋ ಚೆನ್ನಾಗಿದೆ, ಬೇರೆಯವರಿಗೆ ಇಟ್ಟಿದ್ದರೆ ನಾನೇ ಹೆಚ್ಚು ನಗುತ್ತಿದ್ದೆ. ನಾನು ತಟ್ಟೆ ಹಿಡಿದು ಮೇಜಿಗೆ ಬಂದರೆ ಎಲ್ಲರಿಗೂ ಒಟ್ಟಿಗೇ ಊಟ ಮುಗಿಯುತ್ತದೆ. ಜರಡಿ ಮಾಮನೊಬ್ಬ ಏಳುವುದಿಲ್ಲ. ಅವನಿಗೆ ಏನಾಗಿದೆಯೆಂದು ಸರಿಯಾಗಿ ಕೇಳಿಸಿಯೇ ಇಲ್ಲ. ಅವನ ಕಿವಿ ಕೆಟ್ಟದ್ದು ನನ್ನ ಪುಣ್ಯ.

ಮಾರ್ಚ್ ೨೬, ಗುರುವಾರ

ಯಾರೂ ಮಾತಾಡಿಸಲಿಲ್ಲ. ಮೂರು ಸಲ ಫೋನು ಮಾಡಿದೆ. ಹೂಂ ಸರ್. ಹೂಂ ಸರ್. ಹೂಂ.

ಮಾರ್ಚ್ ೩೦, ಸೋಮವಾರ

ನಾಳೆ ನಾನು ಮನೆಗೆ ಹೊರಡಬೇಕಿತ್ತು. ಕುರ್ಚಿ ಮುರಿದವನಿಗೆ ಜ್ವರವಂತೆ. ಇನ್ನೆರಡು ವಾರ ಇರುತ್ತೀರಾ ಎಂದು ಕೇಳಿದರು. ಹೂಂ ಎಂದೆ.

ಇವಳು ಸಿಟ್ಟಾದಳು. "ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?" ನಿಜ, ಕೇಳಬೇಕಿತ್ತು. ಇಲ್ಲಿ ಎಲ್ಲರೂ ಮುಖ ತಿರುಗಿಸುವಾಗ ಇನ್ನೊಂದಕ್ಕೆ ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ತುಂಬ ಒಂಟಿ ಅನ್ನಿಸುತ್ತದೆ ಎಂದೂ ಹೇಳಲಿಲ್ಲ. ನೂರು ಚಿಲ್ಲರೆ ಜನರ ಹಡಗಿನಲ್ಲಿ ಒಂಟಿಯೇ ಎಂದು ನಗುತ್ತಾಳೆ.

ಏಪ್ರಿಲ್ ೨, ಗುರುವಾರ

ಕೆಸರಿನ ತೊಟ್ಟಿಯಲ್ಲಿ ಮಟ್ಟ ಏರಿದರೆ ಬಡಿದುಕೊಳ್ಳುವ ಗಂಟೆಯೊಂದು ನನ್ನ ಪೆಟ್ಟಿಗೆಯಲ್ಲಿದೆ. ಬಾವಿ ಉಸಿರು ಬಿಟ್ಟಾಗೆಲ್ಲ ಬಡಿದುಕೊಳ್ಳುತ್ತದೆ, ಆ ಸದ್ದು ಆಚೆ ಓಣಿಗೂ ಕೇಳುತ್ತದೆ. ಹೋಗುವವರು ಬಾಗಿಲಲ್ಲಿ ತಲೆ ಹಾಕಿ "ಗುಮ್ಮ ಬಂತಾ?" ಎನ್ನುತ್ತಾರೆ. ಇವತ್ತು ಅದರ ಮಿತಿಯನ್ನು ಸ್ವಲ್ಪ ಮೇಲಕ್ಕೆ ಏರಿಸಿದೆ. ಎಲ್ಲ ಹಡಗುಗಳಲ್ಲೂ ಏರಿಸುತ್ತಾರೆ. ಪೆಟ್ಟಿಗೆ ತಣ್ಣಗಾಯಿತು.

ಸಂಜೆ ಸಾಹೇಬರು ಬಂದು ನಿಂತು, "ಆಹಾ, ಈಗ ನೆಮ್ಮದಿ" ಎಂದು ಬೆನ್ನು ತಟ್ಟಿದರು. ಮನುಷ್ಯ ಕೆಟ್ಟವರಲ್ಲ.

ಏಪ್ರಿಲ್ ೫, ಭಾನುವಾರ

ರಾತ್ರಿಯೂಟದಲ್ಲಿ ಉಪ್ಪು ಹುಡುಕುತ್ತಿದ್ದೆ. ಪಕ್ಕದ ಮೇಜಿನಿಂದ ಭಾವ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದ. ನೋಡಲಿಲ್ಲ, ಮಾತಾಡಲಿಲ್ಲ, ಸರಿಸಿದ.

ಮಾಮ ಎದುರಿಗೆ ಕೂತು, "ಸಪ್ಪಗಿದ್ಯಾ?" ಎಂದು ಕಿರುಚಿದ. "ಇಲ್ಲ ಮಾಮ, ಚೆನ್ನಾಗಿದೆ" ಎಂದೆ. "ಊಟ ಅಲ್ಲ, ನೀನು!" ಎಂದ. ಈ ಸಲ ಸರಿಯಾಗಿ ಕೇಳಿಸಿಕೊಳ್ಳದವನು ನಾನು.

ಅನ್ನದ ಮೇಲೆ ಉಪ್ಪು ಜಾಸ್ತಿಯಾಯಿತು. ಪೂರ್ತಿ ತಿಂದೆ.

ಏಪ್ರಿಲ್ ೮, ಬುಧವಾರ

ಇವತ್ತು ಫೋನು ಬಡಿದುಕೊಂಡಿತು. ಭಾವ! ತಾನಾಗಿಯೇ ಮಾಡಿದ್ದಾನೆ.

"ಸ್ವಲ್ಪ ಬರ್ತಿದೆ. ಉಸಿರಾಟ ತಾನೆ?"

ಪರದೆಯ ಕಡೆ ಕಣ್ಣು ಹಾಯಿಸುತ್ತಲೇ, "ಉಸಿರಾಟ, ಅಷ್ಟೆ" ಎಂದೆ.

"ಸರಿ ಹಾಗಾದ್ರೆ" ಎಂದ. ಸರ್ ಎನ್ನಲಿಲ್ಲ. ಎರಡು ಸಲ ನೆನಪು ಮಾಡಿಕೊಂಡೆ, ಖಂಡಿತ ಸರ್ ಎನ್ನಲಿಲ್ಲ. ಅಂಕಿಗಳನ್ನು ಆಮೇಲೆ ನೋಡಿದೆ, ಕಮ್ಮಿಯಾಗುತ್ತಲೇ ಇದ್ದವು. ಉಸಿರಾಟವೇ.

ಎಷ್ಟು ಖುಷಿಯಾಯಿತೆಂದರೆ ಸರದಿ ಇಲ್ಲದಿದ್ದರೂ ಯಾರನ್ನೋ ಕಾಡಿ ಮನೆಗೆ ಫೋನು ಮಾಡಿದೆ. ಇವಳು ಅಡುಗೆಮನೆಗೆ ಹಳದಿ ಬಣ್ಣ ಹೊಡೆಸಲೇ ಎಂದಳು. ಹೂಂ ಎಂದೆ. ಮಗಳನ್ನು ಈಜಿಗೆ ಸೇರಿಸಲೇ ಎಂದಳು. ಹೂಂ ಎಂದೆ. ನಿಮ್ಮ ತಂಗಿ ಬಂದು ಹದಿನೈದು ದಿನ ಇರುತ್ತಾಳಂತೆ ಎಂದಳು. ಅದಕ್ಕೂ ಹೂಂ.

"ಏನ್ರೀ ಆಗಿದೆ ನಿಮ್ಗೆ? ಹಳದಿ ಕಂಡ್ರೆ ಆಗ್ತಿರ್ಲಿಲ್ಲ. ಒಂದಕ್ಕಾದ್ರೂ ಬೇಡ ಅನ್ನಿ, ಜಗಳ ಆಡೋಣ. ಮೈ ಹುಷಾರಿದ್ಯಾ?"

ಎಷ್ಟು ವರ್ಷದಿಂದ ಜಗಳ ಬೇಡ ಎನ್ನುತ್ತಿದ್ದವಳು. ಹೆಂಗಸರನ್ನು ಮೆಚ್ಚಿಸುವುದು ಯಾರಿಂದ ಸಾಧ್ಯ!

ಏಪ್ರಿಲ್ ೧೦, ಶುಕ್ರವಾರ

ಭಾವನ ಮೇಜಿನಲ್ಲೇ ಊಟ. ಜಾಗ ಬಿಟ್ಟರು. ಯಾರೋ ಗುಮ್ಮಪ್ಪನ ಜೋಕು ಹೇಳಿದರು, ನಾನೂ ನಕ್ಕೆ, ಭಾವನೂ ನಕ್ಕ. ಮದುವೆಯ ಫೋಟೊ ಒಂದೊಂದಾಗಿ ತೋರಿಸಿದ. ಅಳಿಯನ ಮೂಗಿನ ಬಗ್ಗೆ ನಾಲಗೆ ತುದಿಗೆ ಒಂದು ಮಾತು ಬಂದಿತ್ತು, ನುಂಗಿದೆ. ಒಳ್ಳೆಯ ಜೋಡಿ ಎಂದೆ.

ಕೆಸರಿನ ಜೊತೆ ಬರುವ ಗ್ಯಾಸು ಸ್ವಲ್ಪ ಏರುತ್ತಿದೆ. ಎಣ್ಣೆಯ ಪದರ ಹತ್ತಿರ ಬಂದ ಹಾಗಿದೆ. ಎಲ್ಲರಿಗೂ ಹುರುಪು.

ಏಪ್ರಿಲ್ ೧೧, ಶನಿವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತಿದ್ದೆ. ಕೊಳವೆ ಜೋಡಿಸಲು ಪಂಪು ನಿಲ್ಲಿಸಿದರು. ಕೆಸರು ಬಂತು. ಮುಂದಿನ ಸಲ ನಿಲ್ಲಿಸಿದಾಗಲೂ ಅಷ್ಟೇ ಬಂತು, ಕಮ್ಮಿಯಾಗಲಿಲ್ಲ. ಅದರ ಮುಂದಿನ ಸಲ ಅದಕ್ಕಿಂತ ಜಾಸ್ತಿ. ಗಂಟೆ ಬಡಿಯಲಿಲ್ಲ, ಯಾಕೆಂದರೆ ನಾನೇ ಮಿತಿ ಏರಿಸಿದ್ದೆ. ಆದರೆ ನಾನು ನೋಡಿದೆ. ಕಣ್ಣಾರೆ ನೋಡಿದೆ. ಕೈ ಫೋನಿನ ಮೇಲೆ ಇತ್ತು.

ನಿನ್ನೆಯ ಮೇಜು ಕಣ್ಣೆದುರು ಬಂತು. ಇದೂ ಉಸಿರಾಟವೇ ಆಗಿಬಿಟ್ಟರೆ ಎನ್ನಿಸಿತು. ಭಾವನೂ ಇದೇ ಅಂಕಿಗಳನ್ನು ನೋಡುತ್ತಿರುತ್ತಾನೆ, ಏನಾದರೂ ಇದ್ದರೆ ಅವನೇ ಮುಚ್ಚುತ್ತಾನೆ. ಇನ್ನೊಂದು ಕೊಳವೆ ಹೋಗಲಿ, ನೋಡೋಣ ಎಂದುಕೊಂಡೆ.

ಅದು ಪೂರ್ತಿ ಹೋಗುವುದರೊಳಗೆ ಪರದೆಯಲ್ಲಿ ಗ್ಯಾಸಿನ ಗೆರೆ ನೆಟ್ಟಗೆ ಮೇಲೆದ್ದಿತು. ಫೋನಿನಲ್ಲಿ "ಮುಚ್ಚಿ!" ಎಂದು ಕಿರುಚಿದೆ. ಮುಚ್ಚಿದ, ಕ್ಷಣವೂ ತಡಮಾಡಲಿಲ್ಲ. ತಳದ ಕವಾಟ ಹಿಡಿದುಕೊಂಡಿತು, ಬಾವಿ ಉಳಿಯಿತು. ಆದರೆ ಅಷ್ಟರಲ್ಲಿ ಕವಾಟ ದಾಟಿ ಮೇಲಕ್ಕೆ ಬಂದಿದ್ದ ಗ್ಯಾಸನ್ನು ಯಾರೂ ಹಿಡಿಯುವ ಹಾಗಿರಲಿಲ್ಲ. ಅದು ಕೆಸರನ್ನೆಲ್ಲ ಹೊತ್ತುಕೊಂಡು ಜರಡಿಗಳ ಮೇಲೆ ಸಿಡಿಯಿತು.

ಸೈರನ್ ಆಯಿತು. ಎಲ್ಲರೂ ಜೀವರಕ್ಷಕ ದೋಣಿಗಳ ಬಳಿ ಸೇರಿದೆವು. ತಲೆ ಎಣಿಸಿದಾಗ ಒಬ್ಬ ಕಡಿಮೆ.

ಮಾಮ ಜರಡಿಯ ಪಕ್ಕ ತೊಟ್ಟಿಯ ಮೇಲೆ ಬಗ್ಗಿ ನನಗೆ ಕೊಡಬೇಕಾದ ಕಲ್ಲು ತೊಳೆಯುತ್ತಿದ್ದನಂತೆ. ಕೆಸರಿನ ಹೊಡೆತಕ್ಕೆ ಹೋಗಿ ಕಂಬಿಗೆ ಬಡಿದಿದ್ದಾನೆ. ಎತ್ತಿಕೊಂಡು ಬಂದಾಗ ಮುಖ ಯಾವುದು ಕೆಸರು ಯಾವುದು ತಿಳಿಯುತ್ತಿರಲಿಲ್ಲ. ಜೀವದ ಪ್ರಶ್ನೆಯೆಂದು ನಿಯಮ ಸಡಿಲಿಸಿದರು, ಆದರೂ ಗ್ಯಾಸೆಲ್ಲ ಗಾಳಿಗೆ ಹೋಯಿತು ಎಂದು ಖಾತ್ರಿಯಾಗುವ ತನಕ ಹೆಲಿಕಾಪ್ಟರ್ ಇಳಿಯಲಿಲ್ಲ.

ಅವನ ಕೈ ಒರೆಸಿದೆ.

ಏಪ್ರಿಲ್ ೧೨, ಭಾನುವಾರ

ಮಾಮ ಆಸ್ಪತ್ರೆಯಲ್ಲಿ ಬೆಳಗ್ಗೆ ತೀರಿಕೊಂಡ.

ಏಪ್ರಿಲ್ ೧೩, ಸೋಮವಾರ

ಭಾರದ ಕೆಸರು ತುಂಬಿ ಬಾವಿಯನ್ನು ಹತೋಟಿಗೆ ತಂದಾಯಿತು, ವಿಚಾರಣೆಯವರು ಬಂದಿದ್ದಾರೆ. ತಡವಾಯಿತೇ ಎಂದು ಕೇಳಿದರು. ಆಯಿತು, ನಾನು ನೋಡಿಯೂ ಕಾದೆ ಎಂದೆ. ಗಂಟೆಯ ಮಿತಿ ಏರಿಸಿದ್ದನ್ನೂ ಹೇಳಿದೆ. ಎದುರಿಗೆ ಸಾಹೇಬರು ಮೇಜು ನೋಡುತ್ತ ಕೂತಿದ್ದರು. ಹೇಳಿದ್ದರಿಂದ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಇವಳಿಗೆ ಫೋನು ಮಾಡಿದೆ. ಅವಳು ಏನೂ ಕೇಳದೆ ಸರದಿ ಮುಗಿಯುವ ತನಕ ಫೋನು ಹಿಡಿದುಕೊಂಡೇ ಇದ್ದಳು.

ಏಪ್ರಿಲ್ ೧೪, ಮಂಗಳವಾರ

ಹೆಲಿಕಾಪ್ಟರಿಗೆ ಕಾಯುವ ಕೋಣೆಯಲ್ಲಿ ಭಾವ ಕೂತಿದ್ದ. ಮಾಮನ ಬಟ್ಟೆಬರೆಯ ಚೀಲ ಅವನ ತೊಡೆಯ ಮೇಲಿತ್ತು. ಮನೆಯವರಿಗೆ ತಾನೇ ಕೊಟ್ಟು ಬರುತ್ತೇನೆಂದು ಹೇಳಿದನಂತೆ. ನಾನು ಎದುರಿನ ಬೆಂಚಿನಲ್ಲಿ ಕೂತೆ. ಇಬ್ಬರೇ ಇದ್ದೆವು.

"ನೀನು ಯಾವಾಗ ನೋಡ್ದೆ?" ಎಂದು ಕೇಳಿದ.

"ಮೂರನೇ ಸಲ ಪಂಪು ನಿಲ್ಲಿಸಿದಾಗ."

"ನಾನೂ ಆಗ್ಲೇ ನೋಡ್ದೆ."

"ಮತ್ತೆ ಯಾಕೆ ಮುಚ್ಚಲಿಲ್ಲ ಭಾವ?"

"ಕೈ ಗುಂಡಿ ಮೇಲೇ ಇತ್ತು. ಫೋನ್ ನೋಡ್ದೆ. ಈಗ ಬಡ್ಕೊಳ್ಳತ್ತೆ, ಈಗ ಬಡ್ಕೊಳ್ಳತ್ತೆ ಅಂತ ನೋಡ್ದೆ. ಬಡ್ಕೊಳ್ಳಲಿಲ್ಲ. ನೀನೇ ಸುಮ್ನಿದೀಯ ಅಂದ್ಮೇಲೆ ಅಲ್ಲೇನೂ ಇಲ್ಲ ಅಂತ ಕೈ ತೆಗ್ದೆ."

ಆಚೆ ಹೆಲಿಕಾಪ್ಟರಿನ ಸದ್ದು ಹತ್ತಿರವಾಗುತ್ತಿತ್ತು. ಕೋಪ ಮಾಡಿಕೊಂಡಿದ್ದಿರಲ್ಲ, ಸರ್ ಅಂದಿರಲ್ಲ, ಮತ್ತೆ ಕೂಗಿದರೆ ಮುಖವನ್ನೂ ನೋಡುವುದಿಲ್ಲ ಅಂದುಕೊಂಡೆ ಎಂದು ತೊದಲಿದೆ.

"ಕೋಪ ಇತ್ತು. ಈಗ್ಲೂ ಇದೆ, ಸಾಯೋವರ್ಗೂ ಇರತ್ತೆ" ಎಂದು ಭಾವ ಚೀಲ ಹೆಗಲಿಗೇರಿಸಿ ಎದ್ದ. "ಆದ್ರೆ ಮಗಳ ಮದ್ವೆ ತಪ್ಪಿಸಿಯಾದ್ರೂ ಕೂಗೋನು ಒಬ್ಬ ಆ ಪೆಟ್ಟಿಗೇಲಿ ಕೂತಿದಾನೆ ಅಂತ್ಲೇ ಕಣೋ ನಾನು ಈ ಹಡಗಲ್ಲಿ ಕಣ್ಮುಚ್ಚಿ ನಿದ್ದೆ ಮಾಡ್ತಿದ್ದಿದ್ದು."

ಬಾಗಿಲು ತೆರೆಯಿತು. ನಾನೂ ಏನೋ ಹೇಳಿದೆ. ಆ ಸದ್ದಿನಲ್ಲಿ ಅದು ನನಗೂ ಕೇಳಿಸಲಿಲ್ಲ.